ತೇವಕ್ಕೆ ಕಳೆಯುವ ಒಂದು ಕೆಜಿ: ಅರ್ಥಶಾಸ್ತ್ರಜ್ಞರ ಲೆಕ್ಕದಲ್ಲಿ ರಾಜಕೀಯ ಎಷ್ಟು?

ಹೋದ ಡಿಸೆಂಬರ್‌ನಲ್ಲಿ ಸಿರವಾರದ ಕಡೆ ಇರುವ ಭಾವನ ಹೊಲಕ್ಕೆ ಹೋಗಿದ್ದೆ. ಹತ್ತಿ ಕಾಯಿ ಒಡೆದು ಹೊಲ ಬೆಳ್ಳಗಾಗಿತ್ತು. ಬಿಡಿಸುವವರು ಮಾತ್ರ ಆರೇ ಜನ. ಭಾವ ಬದುವಿನ ಮೇಲೆ ನಿಂತು ಕುದಿಯುತ್ತಿದ್ದರು. "ಮನ್ಯಾಗ ಕುಂತ್ರ ಎರಡು ಸಾವ್ರ ಬರ್ತೈತಿ. ಇನ್ಯಾಕ ಬರ್ತಾರ ಹೊಲಕ್ಕ?" ಅಂದರು. ಸಿಟ್ಟು ಗೃಹಲಕ್ಷ್ಮಿಯ ಮೇಲೆ.

ಸಾಲು ಹಿಡಿದು ಬಿಡಿಸುತ್ತಿದ್ದ ಒಬ್ಬ ಅಕ್ಕ ತಲೆ ಎತ್ತದೆ ಉತ್ತರ ಕೊಟ್ಟರು. "ಎರಡು ಸಾವ್ರದಾಗ ತಿಂಗಳು ಕಳಿತೈತೇನ್ರೀ ಸಾವ್ಕಾರ್ರೇ? ಬರಂಗಿಲ್ಲ ಅಂತ ಯಾರಂದಾರ? ಹ್ವಾದ ವರ್ಷದ ರೇಟಿಗೆ ಬರಂಗಿಲ್ಲ ಅಂದೀವಿ. ಕೆಜಿಗೆ ಎರಡು ರೂಪಾಯಿ ಜಾಸ್ತಿ ಹಾಕ್ರಿ, ನಾಳೆ ಹತ್ತು ಮಂದಿ ಕರ್ಕೊಂಡು ಬರ್ತೀನಿ."

ಅವತ್ತು ರಾತ್ರಿ ಊಟಕ್ಕೆ ಕೂತಾಗ ಟಿವಿಯಲ್ಲೂ ಅದೇ ಜಗಳ. ಇಬ್ಬರು ಅರ್ಥಶಾಸ್ತ್ರಜ್ಞರು. ಪುಕ್ಕಟೆ ದುಡ್ಡು ಕೊಟ್ಟರೆ ದುಡಿಯುವ ಮನಸ್ಸೇ ಹೋಗುತ್ತೆ, ಖಜಾನೆ ಬರಿದಾಗುತ್ತೆ ಅಂತ ಒಬ್ಬರು. ಬಡವರ ಕೈಗೆ ಬಂದ ದುಡ್ಡು ಊರಿನ ಅಂಗಡಿಗೇ ಹೋಗುತ್ತೆ, ವ್ಯಾಪಾರ ಏಳುತ್ತೆ ಅಂತ ಇನ್ನೊಬ್ಬರು. ಇಬ್ಬರ ಬಾಯಲ್ಲೂ ಅಂಕಿ-ಅಂಶ. ಭಾವ ಹತ್ತು ನಿಮಿಷ ನೋಡಿ ರಿಮೋಟ್ ತಗೊಂಡರು. "ಇಂವ ಅವರ ಕಡ್ಯಾಂವ, ಅಂವ ಇವರ ಕಡ್ಯಾಂವ. ಧಾರಾವಾಹಿ ಹಚ್ಚು."

ಭಾವ ಒಬ್ಬರೇ ಹೀಗೆ ಅನ್ನೋದಲ್ಲ. ರಾಯಚೂರಿನ ಹೋಟೆಲಿನಲ್ಲಿ ಒಗ್ಗರಣೆ-ಮಿರ್ಚಿ ತಿನ್ನುತ್ತಾ ಪೇಪರ್ ಓದುವವರು ಕೂಡ ಮೊದಲು ಬರೆದವರ ಹೆಸರು ನೋಡುತ್ತಾರೆ. ಹೆಸರು ಗೊತ್ತಾದರೆ ಲೇಖನ ಓದಿ ಮುಗಿಸಿದ ಹಾಗೇ. ನಾನೂ ಎಷ್ಟೋ ಸಲ ಹೀಗೆ ಮಾಡಿದ್ದೇನೆ, ಸುಳ್ಳು ಹೇಳಲ್ಲ.

ಹಾಗಾದರೆ ಅರ್ಥಶಾಸ್ತ್ರ ಅನ್ನೋದು ಪಕ್ಷದ ಮಾತಿಗೆ ಅಂಕಿ ಅಂಟಿಸುವ ಕೆಲಸವಾ? ಈ ಪ್ರಶ್ನೆ ಹಿಡಿದು ಅರ್ಥಶಾಸ್ತ್ರಜ್ಞರೇ ತಮ್ಮ ಮೇಲೆ ಪರೀಕ್ಷೆ ಮಾಡಿಕೊಂಡಿದ್ದಾರೆ. ಬಂದಿರುವ ಉತ್ತರ ಅವರಿಗೆ ಮುಜುಗರ ತರುವಂಥದ್ದು, ಭಾವನಿಗೂ ಪೂರ್ತಿ ಖುಷಿ ಕೊಡುವಂಥದ್ದಲ್ಲ.

ಮೊದಲು ಹತ್ತಿ ಹೊಲಕ್ಕೇ ವಾಪಸ್ ಹೋಗೋಣ. ಕೂಲಿ ಏರಿದೆ ಅನ್ನುವುದರಲ್ಲಿ ಭಾವ, ಆ ಅಕ್ಕ ಇಬ್ಬರಿಗೂ ತಕರಾರಿಲ್ಲ. ಭಾವನ ಪುಸ್ತಕದಲ್ಲಿ ಅದು ಖರ್ಚು, ಅಕ್ಕನ ಮನೆಯಲ್ಲಿ ಅದು ಗಳಿಕೆ. "ಕೂಲಿ ಮಾರುಕಟ್ಟೆ ಕೆಟ್ಟಿದೆ" ಅಂತ ಬರೆಯುವ ಅರ್ಥಶಾಸ್ತ್ರಜ್ಞ ಭಾವನ ಪುಸ್ತಕ ತೆರೆದಿರುತ್ತಾನೆ. "ಕೂಲಿಕಾರರಿಗೆ ಚೌಕಾಸಿ ಮಾಡುವ ಬಲ ಬಂದಿದೆ" ಅಂತ ಬರೆಯುವವನು ಅಕ್ಕನ ಲೆಕ್ಕ ಹಿಡಿದಿರುತ್ತಾನೆ. ಇಬ್ಬರೂ ಕೂಡುವುದರಲ್ಲಿ, ಕಳೆಯುವುದರಲ್ಲಿ ತಪ್ಪು ಮಾಡಿಲ್ಲ. ಆದರೂ ಉತ್ತರ ಉಲ್ಟಾ.

1998ರಲ್ಲಿ ವಿಕ್ಟರ್ ಫ್ಯೂಕ್ಸ್, ಅಲನ್ ಕ್ರೂಗರ್, ಜೇಮ್ಸ್ ಪೊಟರ್ಬಾ ಅನ್ನುವ ಮೂವರು ಇದನ್ನೇ ಅಳೆದು ನೋಡಿದರು. ಅಮೆರಿಕದ 40 ಮುಖ್ಯ ವಿಶ್ವವಿದ್ಯಾಲಯಗಳಲ್ಲಿ ಕಾರ್ಮಿಕರ ವಿಷಯ, ತೆರಿಗೆ-ಸರ್ಕಾರಿ ಖರ್ಚಿನ ವಿಷಯ ಓದಿಸುವ ಅರ್ಥಶಾಸ್ತ್ರಜ್ಞರಿಗೆ ಮೂರು ಥರದ ಪ್ರಶ್ನೆ ಕೇಳಿದರು. ಇದನ್ನು ಇಷ್ಟು ಬದಲಿಸಿದರೆ ಅದು ಎಷ್ಟು ಬದಲಾಗುತ್ತೆ, ಅನ್ನೋದು ಒಂದು. ಸಮಾನತೆ ಮುಖ್ಯವೋ ದಕ್ಷತೆ ಮುಖ್ಯವೋ, ಅನ್ನೋದು ಎರಡನೆಯದು. ಈ ಯೋಜನೆ ನಿಮಗೆ ಬೇಕಾ ಬೇಡವಾ, ಅನ್ನೋದು ಕೊನೆಯದು. ನೋಡಿದರೆ, ಬೇಕು-ಬೇಡ ಅನ್ನುವ ಉತ್ತರ ಅವರು ಕೊಟ್ಟ ಸಂಖ್ಯೆಗಿಂತ ಜಾಸ್ತಿ ಅವರ ಮೌಲ್ಯಗಳ ಜೊತೆಗೇ ಹೋಗುತ್ತಿತ್ತು.

ಇದು ಅಪರಾಧವೇನಲ್ಲ. ಅರ್ಥಶಾಸ್ತ್ರಜ್ಞನಿಗೂ ಒಂದು ವೋಟು ಇದೆ. "ನನಗೆ ಹೀಗನಿಸುತ್ತೆ" ಅನ್ನಬೇಕಾದ ಕಡೆ "ಅರ್ಥಶಾಸ್ತ್ರ ಹೀಗೆ ಹೇಳುತ್ತೆ" ಅಂದಾಗ ತೊಂದರೆ ಶುರು. ಸ್ವೀಡನ್ನಿನ ಗುನ್ನಾರ್ ಮಿರ್ಡಾಲ್ ಇದರ ಬಗ್ಗೆ 1930ರಷ್ಟು ಹಿಂದೆಯೇ ಒಂದು ಪುಸ್ತಕ ಬರೆದು, ಸಿದ್ಧಾಂತದ ಒಳಗೆ ರಾಜಕೀಯ ಹೇಗೆ ಅಡಗಿ ಕೂತಿರುತ್ತೆ ಅಂತ ತೋರಿಸಿದ್ದರು. 1974ರಲ್ಲಿ ಅವರಿಗೆ ನೊಬೆಲ್ ಬಂತು. ಹಂಚಿಕೊಂಡಿದ್ದು ಯಾರ ಜೊತೆ ಗೊತ್ತಾ? ವಿಚಾರದಲ್ಲಿ ಅವರಿಗೆ ಪೂರ್ತಿ ಎದುರಾಗಿದ್ದ, ಮುಕ್ತ ಮಾರುಕಟ್ಟೆಯ ಪರ ವಾದಿಸುತ್ತಿದ್ದ ಹಯೆಕ್ ಜೊತೆ. ನೊಬೆಲ್ ಸಮಿತಿಯವರಿಗೆ ತಮಾಷೆ ಗೊತ್ತಿತ್ತು ಅನಿಸುತ್ತೆ.

ಸರಿ, ಮೌಲ್ಯ ಬೇರೆ ಬೇರೆ ಇರಲಿ. ಸಂಖ್ಯೆಯಾದರೂ ಶುದ್ಧವಾಗಿರುತ್ತಾ? ಚುರುಕಾದ ಪ್ರಶ್ನೆ ಇದು.

1992ರ ಏಪ್ರಿಲ್‌ನಲ್ಲಿ ಅಮೆರಿಕದ ನ್ಯೂಜೆರ್ಸಿ ರಾಜ್ಯ ಕನಿಷ್ಠ ಕೂಲಿಯನ್ನು ಗಂಟೆಗೆ 4.25 ಡಾಲರ್‌ನಿಂದ 5.05ಕ್ಕೆ ಏರಿಸಿತು. ಪಕ್ಕದ ಪೆನ್ಸಿಲ್ವೇನಿಯಾ ಏರಿಸಲಿಲ್ಲ. ಡೇವಿಡ್ ಕಾರ್ಡ್ ಮತ್ತು ಅಲನ್ ಕ್ರೂಗರ್ ಎರಡೂ ಕಡೆಯ 410 ಫಾಸ್ಟ್‌ಫುಡ್ ಹೋಟೆಲುಗಳನ್ನು ವಿಚಾರಿಸಿದರು. ಕೂಲಿ ಏರಿದರೆ ಕೆಲಸ ಹೋಗುತ್ತೆ ಅಂತ ಪಠ್ಯಪುಸ್ತಕ ಹೇಳುತ್ತಿತ್ತು. ನ್ಯೂಜೆರ್ಸಿಯಲ್ಲಿ ಕೆಲಸ ಕಡಿಮೆಯಾಗಿದ್ದು ಅವರಿಗೆ ಕಾಣಲಿಲ್ಲ. 1994ರಲ್ಲಿ ಇದು ಪ್ರಕಟವಾದಾಗ ಗಲಾಟೆಯೋ ಗಲಾಟೆ. ಡೇವಿಡ್ ನ್ಯೂಮಾರ್ಕ್, ವಿಲಿಯಂ ವಾಷರ್ ಸಂಬಳದ ದಾಖಲೆ ಹಿಡಿದು ಲೆಕ್ಕ ಹಾಕಿ, ಇಲ್ಲ, ಕೆಲಸ ಕಡಿಮೆಯಾಗಿದೆ ಅಂದರು. ಕಾರ್ಡ್-ಕ್ರೂಗರ್ ಸರ್ಕಾರಿ ದಾಖಲೆ ತಂದು ಮತ್ತೆ ಉತ್ತರ ಕೊಟ್ಟರು. ಕಾರ್ಡ್ ಆಮೇಲೆ ಒಂದು ಸಂದರ್ಶನದಲ್ಲಿ, ಈ ವಿಷಯದಿಂದ ಬಹಳ ಗೆಳೆಯರನ್ನು ಕಳಕೊಂಡೆ, ಅದಕ್ಕೇ ಇದರಿಂದ ದೂರ ಉಳಿದೆ ಅಂದಿದ್ದರು. 2021ರಲ್ಲಿ ಅವರಿಗೂ ನೊಬೆಲ್ ಬಂತು. ಬರೀ ಲೆಕ್ಕದ ಜಗಳವಾಗಿದ್ದರೆ ಗೆಳೆತನ ಯಾಕೆ ಹೋಗಬೇಕಿತ್ತು ಹೇಳಿ.

ಇನ್ನೊಂದು ಪರೀಕ್ಷೆ ನನಗೆ ಬಹಳ ಹಿಡಿಸಿದ್ದು. ಮೊಹ್ಸೆನ್ ಜಾವ್ದಾನಿ, ಹಾ-ಜೂನ್ ಚಾಂಗ್ 19 ದೇಶಗಳ 2,425 ಅರ್ಥಶಾಸ್ತ್ರಜ್ಞರಿಗೆ ಕೆಲವು ಹೇಳಿಕೆ ಕೊಟ್ಟು, ಒಪ್ಪುತ್ತೀರಾ ಅಂತ ಕೇಳಿದರು. ಒಳಗೊಂದು ಆಟ ಇತ್ತು. ಮಾತು ಅದೇ, ಹೇಳಿದವರ ಹೆಸರು ಮಾತ್ರ ಬೇರೆ ಬೇರೆ. ಕೆಲವರಿಗೆ ಮುಖ್ಯಧಾರೆಯ ದೊಡ್ಡ ಹೆಸರು, ಕೆಲವರಿಗೆ ಮುಖ್ಯಧಾರೆಯ ಹೊರಗಿನವರ ಹೆಸರು, ಇನ್ನು ಕೆಲವರಿಗೆ ಹೆಸರೇ ಇಲ್ಲ. ದೊಡ್ಡ ಹೆಸರಿನ ಬದಲು ಹೊರಗಿನವರ ಹೆಸರು ಇದ್ದಾಗ, ಹೆಸರೇ ಇಲ್ಲದಾಗ ಒಪ್ಪಿಗೆ ಕಡಿಮೆಯಾಯಿತು. ಅದೇ ಅರ್ಥಶಾಸ್ತ್ರಜ್ಞರನ್ನು ಕೇಳಿದರೆ, ನಾವು ಮಾತು ನೋಡುತ್ತೇವೆ, ಆಡಿದವರನ್ನಲ್ಲ ಅಂತ ಹೆಚ್ಚಿನವರು ಹೇಳಿದ್ದರು. ಸಿಂಧನೂರು, ಗಂಗಾವತಿಯ ಅಕ್ಕಿ ವ್ಯಾಪಾರ ಕಂಡವರಿಗೆ ಇದರಲ್ಲಿ ಆಶ್ಚರ್ಯ ಇಲ್ಲ. ಅದೇ ಸೋನಾ ಮಸೂರಿ ಬೇರೆ ಚೀಲದಲ್ಲಿ ಬಂದರೆ ಬೇರೆ ರುಚಿ ಅನ್ನುವವರು ನಮ್ಮ ಮನೆಯಲ್ಲೇ ಇದ್ದಾರೆ.

ಹೆಸರಿನ ಆಟಕ್ಕಿಂತ ಗಂಭೀರವಾದದ್ದು ಇನ್ನೊಂದಿದೆ. ನೇಟ್ ಬ್ರೆಜ್ನಾವ್ ಮತ್ತು ಜೊತೆಗಾರರು ಹತ್ತಾರು ತಂಡಗಳ ಸಮಾಜವಿಜ್ಞಾನಿಗಳಿಗೆ ಒಂದೇ ಮಾಹಿತಿ, ಒಂದೇ ಪ್ರಶ್ನೆ ಕೊಟ್ಟರು. ವಲಸೆ ಬಂದವರು ಜಾಸ್ತಿಯಾದರೆ, ಸರ್ಕಾರದ ಕಲ್ಯಾಣ ಯೋಜನೆಗಳಿಗೆ ಜನರ ಬೆಂಬಲ ಕಡಿಮೆಯಾಗುತ್ತಾ? ಒಂದೇ ಮಾಹಿತಿಯಿಂದ ಕಡಿಮೆಯಾಗುತ್ತೆ, ಜಾಸ್ತಿಯಾಗುತ್ತೆ, ಏನೂ ಆಗಲ್ಲ, ಮೂರೂ ಉತ್ತರ ಬಂದವು. ಮೊದಲ ವಿಶ್ಲೇಷಣೆಯಲ್ಲಿ ಈ ವ್ಯತ್ಯಾಸಕ್ಕೆ ಸಂಶೋಧಕರ ಅಭಿಪ್ರಾಯವೇ ಕಾರಣ ಅನ್ನಲು ಗಟ್ಟಿ ಆಧಾರ ಸಿಗಲಿಲ್ಲ. ಆಮೇಲೆ ಜಾರ್ಜ್ ಬೋರ್ಹಾಸ್ ಜೊತೆ ಸೇರಿ 71 ತಂಡಗಳ ಕೆಲಸವನ್ನು ಇನ್ನೊಮ್ಮೆ ಕೆದಕಿದಾಗ ಒಂದು ಜಾಡು ಕಂಡಿತು. ವಲಸೆಯ ಪರ ಇರುವವರ ತಂಡಕ್ಕೆ, ವಲಸೆಯಿಂದ ಆ ಬೆಂಬಲ ಏರುತ್ತೆ ಅನ್ನುವ ಕಡೆಗೆ ಉತ್ತರ ವಾಲಿತ್ತು. ವಿರೋಧ ಇರುವವರಿಗೆ, ಇಳಿಯುತ್ತೆ ಅನ್ನುವ ಕಡೆಗೆ. ಎರಡೂ ತುದಿಯ ತಂಡಗಳು ಹಿಡಿದ ವಿಧಾನಕ್ಕೆ ಬೇರೆ ಸಂಶೋಧಕರು ಕೊಟ್ಟ ಅಂಕವೂ ಕಡಿಮೆ.

ಇಲ್ಲಿ ಯಾರೂ ಸುಳ್ಳು ಅಂಕಿ ಬರೆದಿಲ್ಲ ಅನ್ನೋದು ಗಮನಿಸಬೇಕು. ಯಾವ ವರ್ಷದಿಂದ ಶುರು ಮಾಡೋಣ, ಯಾವ ದೇಶ ಬಿಡೋಣ, ಯಾವುದರ ಜೊತೆ ಹೋಲಿಸೋಣ, ಇಂಥ ಸಣ್ಣ ಸಣ್ಣ ತೀರ್ಮಾನ ನೂರಾರು. ಪ್ರತಿಯೊಂದಕ್ಕೂ ಒಂದು ಒಳ್ಳೆ ಕಾರಣ ಕೊಡಬಹುದು. ಬೇಕಾದ ಉತ್ತರ ಬಂದಾಗ ಲೆಕ್ಕ ಅಲ್ಲಿಗೆ ನಿಲ್ಲುತ್ತೆ. ಬೇಡದ ಉತ್ತರ ಬಂದರೆ "ಎಲ್ಲೋ ತಪ್ಪಿರಬೇಕು" ಅಂತ ಇನ್ನೊಮ್ಮೆ ನೋಡುತ್ತೇವೆ. ಮನೆ ಖರ್ಚಿನ ಲೆಕ್ಕ ಬರೆಯುವ ಎಲ್ಲರಿಗೂ ಇದು ಗೊತ್ತು, ಅಲ್ವಾ?

ಹಾಗಂತ ಎಲ್ಲ ಪ್ರಶ್ನೆಯಲ್ಲೂ ಅರ್ಥಶಾಸ್ತ್ರಜ್ಞರು ಎರಡು ಪಾಳಯ ಅನ್ನುವುದೂ ತಪ್ಪು. ಷಿಕಾಗೋ ವಿಶ್ವವಿದ್ಯಾಲಯದವರು ಹೆಸರಾಂತ ಅರ್ಥಶಾಸ್ತ್ರಜ್ಞರ ಒಂದು ಗುಂಪಿಗೆ ಆಗಾಗ ಪ್ರಶ್ನೆ ಕಳಿಸಿ ಉತ್ತರ ಪ್ರಕಟಿಸುತ್ತಾರೆ. ಆ ಉತ್ತರಗಳನ್ನು 2013ರಲ್ಲಿ ರೋಜರ್ ಗಾರ್ಡನ್, ಗಾರ್ಡನ್ ಡಾಲ್ ಜೋಡಿಸಿ ನೋಡಿದರು. ಹಳೆಯ ಸಂಶೋಧನೆ ಬೇಕಾದಷ್ಟು ಇರುವ ವಿಷಯಗಳಲ್ಲಿ ಒಮ್ಮತ ಗಟ್ಟಿಯಾಗಿಯೇ ಇತ್ತು. ಪಕ್ಷದ ಗೆರೆ ಎಳೆದ ಹಾಗೆ ಎರಡು ಗುಂಪು ಕಾಣಲಿಲ್ಲ. ಎಲ್ಲಿ ಆಧಾರ ತೆಳ್ಳಗೋ ಅಲ್ಲಿ ಮನಸ್ಸಿನ ಒಲವಿಗೆ ಜಾಗ ಜಾಸ್ತಿ. ಗ್ಯಾರಂಟಿಗಳಂಥ ಹೊಸ ಯೋಜನೆಯ ವಿಷಯದಲ್ಲಿ ನಮ್ಮವರ ಕೂಗಾಟ ಇಷ್ಟು ಜೋರಾಗಿರುವುದಕ್ಕೆ ಇದೂ ಒಂದು ಕಾರಣ ಅಂತ ನನ್ನ ಅಂದಾಜು.

ಗ್ಯಾರಂಟಿ ಲೆಕ್ಕವನ್ನೇ ಹತ್ತಿರದಿಂದ ನೋಡಿ. 2025-26ರ ರಾಜ್ಯ ಬಜೆಟ್‌ನಲ್ಲಿ ಐದು ಗ್ಯಾರಂಟಿಗಳಿಗೆ ಇಟ್ಟಿದ್ದು 51,034 ಕೋಟಿ ರೂಪಾಯಿ. ಬಜೆಟ್ ಗಾತ್ರ ಸುಮಾರು 4.09 ಲಕ್ಷ ಕೋಟಿ. ಭಾಗಿಸಿದರೆ, ಸರ್ಕಾರ ಖರ್ಚು ಮಾಡುವ ಪ್ರತಿ ಎಂಟು ರೂಪಾಯಿಯಲ್ಲಿ ಒಂದು ರೂಪಾಯಿ ಗ್ಯಾರಂಟಿಗೆ. ಕೇಳಿದರೆ ಎದೆ ಝಲ್ ಅನ್ನುತ್ತೆ. ಅದೇ 51,034 ಕೋಟಿಯನ್ನು ರಾಜ್ಯದ ಒಟ್ಟು ಉತ್ಪನ್ನದಿಂದ ಭಾಗಿಸಿ. ಶೇ 2ಕ್ಕಿಂತ ಕಡಿಮೆ ಬರುತ್ತೆ. ಅಷ್ಟೇನಾ ಅನಿಸುತ್ತೆ. ಸಂಬಳ, ಪಿಂಚಣಿ, ಸಾಲದ ಬಡ್ಡಿ ಎಲ್ಲ ತೆಗೆದು ಉಳಿದ ದುಡ್ಡಿನಿಂದ ಭಾಗಿಸಿದರೆ ಎಂಟರಲ್ಲಿ ಒಂದಕ್ಕಿಂತಲೂ ದೊಡ್ಡದಾಗಿ ಕಾಣುತ್ತೆ. ಮೂರೂ ಸರಿಯಾದ ಲೆಕ್ಕ. ಟಿವಿಯಲ್ಲಿ ಯಾರು ಯಾವುದರಿಂದ ಭಾಗಿಸುತ್ತಾರೆ ಅಂತ ಒಂದು ವಾರ ನೋಡಿ, ಸಾಕು.

ನಮ್ಮ ಭಾಗಕ್ಕೆ ಇಂಥ ಆಯ್ಕೆಗಳ ಬಿಸಿ ಹಳೆಯದು. ರಾಜ್ಯದ ಯಾವ ಭಾಗ ಎಷ್ಟು ಹಿಂದುಳಿದಿದೆ ಅಂತ ನೋಡಲು ಕೂತ ಅರ್ಥಶಾಸ್ತ್ರಜ್ಞ ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ವರದಿ ಕೊಟ್ಟಾಗ, ಜಿಲ್ಲೆಯನ್ನು ಬಿಟ್ಟು ತಾಲ್ಲೂಕನ್ನು ಅಳತೆಗೆ ಹಿಡಿಯಿತು. 35 ಸೂಚಕಗಳನ್ನು ಆರಿಸಿಕೊಂಡು, ಆಗಿದ್ದ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ ಅಂತ ಗುರುತಿಸಿತು. ನಮ್ಮ ರಾಯಚೂರು ಜಿಲ್ಲೆಯ ದೇವದುರ್ಗ ಅತಿ ಹಿಂದುಳಿದ ಪಟ್ಟಿಯಲ್ಲಿತ್ತು. ಜಿಲ್ಲೆಯ ಸರಾಸರಿ ಹಿಡಿದಿದ್ದರೆ ಕಾಲುವೆ ನೀರಿನ ತಾಲ್ಲೂಕುಗಳ ಹಿಂದೆ ಒಣ ತಾಲ್ಲೂಕುಗಳು ಮರೆಯಾಗುತ್ತಿದ್ದವು. ತಾಲ್ಲೂಕು ಹಿಡಿದರೂ ಒಳಗೆ ಮರೆಯಾಗುವವರು ಇದ್ದೇ ಇದ್ದಾರೆ. ತುಂಗಭದ್ರಾ ಎಡದಂಡೆಯ ಟೇಲೆಂಡ್ ರೈತರನ್ನು ಕೇಳಿ. ಮೇಲ್ಭಾಗದಲ್ಲಿ ಭತ್ತಕ್ಕೆ ನೀರು ನಿಂತಿರುತ್ತೆ, ಕೆಳಗೆ ಕಾಲುವೆಯಲ್ಲಿ ಜಾಲಿ ಬೆಳೆದಿರುತ್ತೆ. ಸರಾಸರಿ ಮಾತ್ರ ಚೆನ್ನಾಗಿರುತ್ತೆ.

ನಂಜುಂಡಪ್ಪನವರ ಆಯ್ಕೆಗೆ ಪಕ್ಷದ ಬಣ್ಣ ಬಳಿಯಲು ಆಗಲ್ಲ. ಆದರೆ ಅದು ಒಂದು ಆಯ್ಕೆಯೇ. ಭಾವನ "ಯಾರ ಕಡ್ಯಾಂವ" ಅನ್ನುವ ಪ್ರಶ್ನೆ ಇಲ್ಲಿ ಕೆಲಸಕ್ಕೆ ಬರಲ್ಲ.

ಅಶೋಕ್ ಗುಲಾಟಿಯವರ ವಿಷಯದಲ್ಲಿ ಅದು ಇನ್ನೂ ಪೇಚಿಗೆ ಬೀಳುತ್ತೆ. ಅವರು ಕೇಂದ್ರದ ಕೃಷಿ ವೆಚ್ಚ ಮತ್ತು ಬೆಲೆ ಆಯೋಗದ ಅಧ್ಯಕ್ಷರಾಗಿದ್ದವರು. 2020ರ ಕೃಷಿ ಕಾಯ್ದೆಗಳನ್ನು ಬೆಂಬಲಿಸಿದರು. ರೈತ ಸಂಘಟನೆಗಳಿಗೆ ಸಿಟ್ಟು ಬಂತು, ಸರ್ಕಾರದ ಮನುಷ್ಯ ಅಂದರು. ಅದೇ ಕೇಂದ್ರ ಸರ್ಕಾರ 2023ರ ಜುಲೈ 20ರಂದು ಬಾಸ್ಮತಿ ಬಿಟ್ಟು ಉಳಿದ ಬಿಳಿ ಅಕ್ಕಿಯ ರಫ್ತು ನಿಲ್ಲಿಸಿತು. 2024ರ ಸೆಪ್ಟೆಂಬರ್ ಕೊನೆವರೆಗೂ ಅದು ತೆರೆಯಲಿಲ್ಲ. ಇಂಥ ನಿಷೇಧಗಳನ್ನು ಗುಲಾಟಿ ಮೊದಲಿನಿಂದಲೂ ಕಟುವಾಗಿ ಟೀಕಿಸುತ್ತಾ ಬಂದವರು. ಪೇಟೆಯಲ್ಲಿ ಅಕ್ಕಿ ಕೊಳ್ಳುವವರನ್ನು ಉಳಿಸಲು ಬೆಳೆಯುವವರ ಜೇಬಿಗೆ ಕೈ ಹಾಕಲಾಗುತ್ತಿದೆ ಅನ್ನೋದು ಅವರ ವಾದ. ಕಾರಟಗಿ, ಸಿಂಧನೂರಿನ ಭತ್ತದ ರೈತರು ಇದಕ್ಕೆ ತಲೆಯಾಡಿಸದೆ ಇರಲ್ಲ. ಹಾಗಾದರೆ ಗುಲಾಟಿ ಯಾರ ಕಡೆ? ಮಾರುಕಟ್ಟೆ ತೆರೆದಿರಬೇಕು ಅನ್ನುವುದು ಅವರ ನಂಬಿಕೆ. ಸರ್ಕಾರ ಅದರ ಹತ್ತಿರ ಬಂದಾಗ ಹೊಗಳಿದರು, ದೂರ ಹೋದಾಗ ಬೈದರು. ಅವರ ಒಲವು ಗಟ್ಟಿ ಇದೆ, ಆದರೆ ಅದು ಪಕ್ಷದ ಜೊತೆ ಓಡಾಡುವ ಒಲವಲ್ಲ.

ನಾನು ಒಂದು ಸಣ್ಣ ಪರೀಕ್ಷೆ ರೂಢಿ ಮಾಡಿಕೊಂಡಿದ್ದೇನೆ. ಗೃಹಲಕ್ಷ್ಮಿಯನ್ನು ಬೈಯುವ ಲೇಖನ ಸಿಕ್ಕರೆ, ಅದೇ ಲೇಖಕರು ಮಧ್ಯಪ್ರದೇಶದ ಲಾಡ್ಲಿ ಬೆಹನಾ, ಮಹಾರಾಷ್ಟ್ರದ ಲಾಡ್ಕಿ ಬಹೀಣ್ ಬಗ್ಗೆ ಏನು ಬರೆದಿದ್ದಾರೆ ಅಂತ ಹುಡುಕುತ್ತೇನೆ. ಆ ಯೋಜನೆಗಳಲ್ಲೂ ಹೆಂಗಸರ ಖಾತೆಗೆ ತಿಂಗಳಿಗೆ ದುಡ್ಡು ಬೀಳುತ್ತೆ. ಶುರು ಮಾಡಿದ ಸರ್ಕಾರ ಮಾತ್ರ ಬೇರೆ. ಹೊಗಳುವ ಲೇಖನಕ್ಕೂ ಇದೇ ಪರೀಕ್ಷೆ. ಎರಡೂ ಕಡೆ ಒಂದೇ ಮಾತು ಆಡಿದವರು ಸಿಗುತ್ತಾರೆ, ಜಾಸ್ತಿ ಜನ ಇಲ್ಲ, ಆದರೆ ಸಿಗುತ್ತಾರೆ. ಅಂಥವರನ್ನು ನನಗೆ ಒಪ್ಪಿಗೆ ಇಲ್ಲದಿದ್ದರೂ ಪೂರ್ತಿ ಓದುತ್ತೇನೆ. ಭಾವನಿಗೂ ಇದೇ ಪ್ರಶ್ನೆ ಹಾಕಿದೆ. ಪಿಎಂ ಕಿಸಾನ್‌ನಲ್ಲಿ ವರ್ಷಕ್ಕೆ 6 ಸಾವಿರ ನಿಮ್ಮ ಖಾತೆಗೂ ಬರುತ್ತಲ್ಲ, ಅದರಿಂದ ನೀವು ಬಿತ್ತೋದು ಬಿಟ್ಟಿರಾ? "ಅದು ಬ್ಯಾರೆ" ಅಂದರು. ಹೇಗೆ ಬೇರೆ ಅಂತ ಹೇಳಲಿಲ್ಲ.

ಎರಡೂ ಪುಸ್ತಕ ತೆರೆದ ಕೆಲಸ ಇಲ್ಲವೇ ಇಲ್ಲ ಅಂತಲ್ಲ. ನಮ್ಮ ಗಡಿ ಪಕ್ಕದ ಆಂಧ್ರದಲ್ಲೇ ಒಂದು ನಡೆದಿದೆ, ರಾಜ್ಯ ಇನ್ನೂ ಒಡೆಯದಿದ್ದಾಗ. ಉದ್ಯೋಗ ಖಾತ್ರಿ ಕೂಲಿಯನ್ನು ಸ್ಮಾರ್ಟ್‌ಕಾರ್ಡ್ ಮೂಲಕ ಕೊಡುವ ಪದ್ಧತಿ ಬಂದಾಗ ಯಾವ ಮಂಡಲಕ್ಕೆ (ನಮ್ಮ ತಾಲ್ಲೂಕಿನಂಥ ಆಡಳಿತ ಭಾಗ) ಮೊದಲು, ಯಾವುದಕ್ಕೆ ಆಮೇಲೆ ಅನ್ನುವುದನ್ನು ಚೀಟಿ ಎತ್ತಿದ ಹಾಗೆ ನಿರ್ಧರಿಸಿದರು. ಹಾಗಾಗಿ ಸಂಶೋಧಕರು ತಮಗೆ ಬೇಕಾದ ಊರು ಆರಿಸಿಕೊಳ್ಳುವ ದಾರಿ ಮುಚ್ಚಿತು. ಕಾರ್ತಿಕ್ ಮುರಳೀಧರನ್, ಪಾಲ್ ನೀಹಾಸ್, ಸಂದೀಪ್ ಸುಖ್ತಂಕರ್ ಇದರ ಫಲ ಅಳೆದು 2023ರಲ್ಲಿ ಪ್ರಕಟಿಸಿದರು. ಯೋಜನೆ ಸರಿಯಾಗಿ ನಡೆದ ಕಡೆ ಫಲಾನುಭವಿ ಕುಟುಂಬಗಳ ಗಳಿಕೆ ಶೇ 14ರಷ್ಟು ಏರಿತ್ತು. ಅದರಲ್ಲಿ ಶೇ 86ರಷ್ಟು ಬಂದಿದ್ದು ಯೋಜನೆಯ ಹೊರಗಿನಿಂದ. ಅಂದರೆ ಹೊಲದ ಕೂಲಿ, ಖಾಸಗಿ ಕೆಲಸ. ಕೂಲಿಯ ಜೊತೆ ಕೆಲಸವೂ ಜಾಸ್ತಿಯಾಗಿತ್ತು. ಜಮೀನು ಕೆಲವರ ಕೈಯಲ್ಲೇ ಸೇರಿಕೊಂಡ ಊರುಗಳಲ್ಲಿ ಕೆಲಸ ಇನ್ನೂ ಜಾಸ್ತಿ ಏರಿತ್ತು.

ಆ ವರದಿಯಲ್ಲಿ ಇನ್ನೆರಡು ಮಾತಿವೆ. ಕಡಿಮೆ ರೇಟಿಗೆ ಕೆಲಸಕ್ಕೆ ಬರಲು ಜನ ಒಪ್ಪುತ್ತಿರಲಿಲ್ಲ. ಜಮೀನಿನಿಂದ ಬರುವ ಆದಾಯ ಇಳಿದಿತ್ತು. ಒಂದು ನಮ್ಮ ಅಕ್ಕನ ಮಾತು, ಇನ್ನೊಂದು ಭಾವನ ಮಾತು. ಸೊಂಟ ಬಗ್ಗಿಸಿ ಬಿಡಿಸುವವರಿಗೂ ಬದುವಿನ ಮೇಲೆ ನಿಂತವರಿಗೂ ಒಂದೇ ವರದಿಯಲ್ಲಿ ಜಾಗ ಸಿಕ್ಕಿತ್ತು. ಉದ್ಯೋಗ ಖಾತ್ರಿ ಬೇರೆ, ಖಾತೆಗೆ ಹಾಕುವ ದುಡ್ಡು ಬೇರೆ. ಅಲ್ಲಿನ ಉತ್ತರ ತಂದು ಗೃಹಲಕ್ಷ್ಮಿಗೆ ಹಚ್ಚಲು ಬರಲ್ಲ. ಆದರೆ ಯಾರಿಗೆ ಎಷ್ಟು ಬಂತು, ಯಾರಿಗೆ ಎಷ್ಟು ಹೋಯಿತು ಅಂತ ಎರಡೂ ಬರೆದಿಟ್ಟ ಮೇಲೆ, ಬೇಕೋ ಬೇಡವೋ ಅನ್ನೋದನ್ನು ನಾವೇ ಜಗಳ ಆಡಬಹುದು. ಅದಕ್ಕೆ ಅರ್ಥಶಾಸ್ತ್ರಜ್ಞರ ಅಪ್ಪಣೆ ಬೇಕಿಲ್ಲ.

ಮಾರನೆ ದಿನವೂ ಹೊಲಕ್ಕೆ ಹೋದೆ. ಭಾವ ಕೊನೆಗೆ ಒಂದು ರೂಪಾಯಿ ಏರಿಸಿದ್ದರು. ಹದಿಮೂರು ಜನ ಬಂದಿದ್ದರು. ಸಂಜೆ ತೂಕ. ಬೇವಿನ ಮರಕ್ಕೆ ತಕ್ಕಡಿ ತೂಗುಹಾಕಿ, ಒಬ್ಬೊಬ್ಬರ ಗಂಟು ಎತ್ತಿ ಕಟ್ಟಿ, ಭಾವ ನೋಟ್‌ಬುಕ್‌ನಲ್ಲಿ ಬರೆಯುತ್ತಿದ್ದರು. ಪ್ರತಿ ಗಂಟಿಗೂ ಒಂದು ಕೆಜಿ ಕಳೆಯುತ್ತಿದ್ದರು. ಬೆಳಗ್ಗೆ ಮಂಜು ಬಿದ್ದಿರುತ್ತೆ, ಹತ್ತಿ ತೇವ ಇರುತ್ತೆ, ಅದಕ್ಕೆ ಒಂದು ಕೆಜಿ. ಕಾರಣ ಸುಳ್ಳೇನಲ್ಲ. ಮಂಜು ನಿಜವಾಗಲೂ ಬಿದ್ದಿತ್ತು.

ಅಕ್ಕನ ಸರದಿ ಬಂತು. ಇಪ್ಪತ್ತೊಂಬತ್ತು ಕೆಜಿ ತೂಗಿತು. ಭಾವ ಇಪ್ಪತ್ತೆಂಟು ಅಂತ ಬರೆಯಲು ಹೋದರು.

"ಸಾವ್ಕಾರ್ರೇ, ತೇವಕ್ಕ ಅಂತ ದಿನಾ ಒಂದು ಕೆಜಿ ಕಳಿತೀರಿ" ಅಂದರು ಅಕ್ಕ. "ಮಧ್ಯಾಹ್ನದ ಮ್ಯಾಗ ಬಿಡಿಸಿದ್ದು ಬಿಸಿಲಿಗೆ ಒಣಗಿ ಹಗುರಾಗಿರ್ತೈತಲ್ಲ, ಅದಕ್ಕ ಅಂತ ಯಾವತ್ತರ ಅರ್ಧ ಕೆಜಿ ಕೂಡಿಸೀರೇನು?"

ಸಾಲಲ್ಲಿ ನಿಂತವರೆಲ್ಲ ನಕ್ಕರು. ಭಾವನೂ ನಕ್ಕರು. ಪೆನ್ನು ಹಿಡಿದು ಸ್ವಲ್ಪ ಹೊತ್ತು ನೋಟ್‌ಬುಕ್ ನೋಡಿದರು. ಆಮೇಲೆ ಇಪ್ಪತ್ತೆಂಟೂವರೆ ಅಂತ ಬರೆದರು.